ಉದ್ದನೆಯ ಸೂರ್ಯ, ಗುಂಡನೆಯ ಸೂರ್ಯ

ತುಂಗಮ್ಮನವರ ಮನೆಯ ಗಡಿಯಾರದ ಹಿಂದೆ ಒಂದು ಹಲ್ಲಿಯಿತ್ತು. ಅದು ಲೊಚಗುಟ್ಟಿದಾಗಲೆಲ್ಲ ತುಂಗಮ್ಮ ನೆಲಕ್ಕೆ ಬೆರಳು ಬಡಿದು "ಸತ್ಯ, ಸತ್ಯ" ಅನ್ನುತ್ತಿದ್ದರು. ಹಾಗಾಗಿ ತಾನು ಆಡಿದ್ದೆಲ್ಲ ಸತ್ಯವೆಂದೇ ಹಲ್ಲಿ ನಂಬಿಬಿಟ್ಟಿತ್ತು.

ಪಕ್ಕದ ಮನೆಯಲ್ಲೂ ಒಂದು ಹಲ್ಲಿ. ಇದು ಅದರ ಮುಖ ಕಂಡದ್ದಿಲ್ಲ. ಗೋಡೆಯ ಕಿಂಡಿಯಿಂದ ದನಿ ಮಾತ್ರ ಕೇಳುತ್ತಿತ್ತು. ಹತ್ತು ದಿನದಿಂದ ಎರಡರ ನಡುವೆ ಒಂದೇ ವಾದ.

"ಸೂರ್ಯ ಉದ್ದಕ್ಕಿದ್ದಾನೆ! ಗೋಡೆಯ ಮೇಲೆ ಅಡ್ಡಲಾಗಿ ಮಲಗಿರುತ್ತಾನೆ!" ಟ್ಯೂಬ್‌ಲೈಟ್ ನೋಡುತ್ತ ತುಂಗಮ್ಮನವರ ಹಲ್ಲಿ ಕೂಗಿತು.

"ಮೂಢ! ಸೂರ್ಯ ಗುಂಡಗಿದ್ದಾನೆ, ತಂತಿಗೆ ನೇತಾಡುತ್ತಾನೆ!" ಎಂದಿತು ಆಚೆಯದು. ಆ ಮನೆಯಲ್ಲಿದ್ದದ್ದು ಬಲ್ಬು.

ಆಹಾ, ಏನು ಹುರುಪು! ಹಲ್ಲಿಯ ಬಾಲ ತಾನೇ ತಾನಾಗಿ ಕುಣಿಯಿತು. ಹತ್ತು ದಿನದಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಅದಕ್ಕೆ ನೆನಪೇ ಇರಲಿಲ್ಲ.

ಅಷ್ಟರಲ್ಲಿ ಕಿಂಡಿಯಿಂದ ದಪ್ಪನೆಯ ಪತಂಗವೊಂದು ಬಂದು ಸರಿಯಾಗಿ ಅದರ ಮೂತಿಯ ಮುಂದೆಯೇ ಕೂತಿತು. ಮರೆತ ಹಸಿವೆಲ್ಲ ಒಮ್ಮೆಲೇ ಭುಗಿಲೆದ್ದಿತು. ಹಲ್ಲಿ ಬಾಯಿ ತೆರೆಯಿತು.

"ಯಾಕೆ ಸುಮ್ಮನಾದೆ? ಸೋತೆಯಾ?" ಎಂದಿತು ಆಚೆಯ ದನಿ.

ಇರುವುದು ಒಂದೇ ಬಾಯಿ. ತಿನ್ನಬೇಕೋ, ಉತ್ತರ ಕೊಡಬೇಕೋ?

"ನಾನು ಸೋಲುವುದೇ? ನಿನ್ನ ಸೂರ್ಯನಿಗೆ ಬೆನ್ನೇ ಇಲ್ಲವಲ್ಲ, ಮಲಗುವುದು ಹೇಗೆ?" ಎಂದು ಹಲ್ಲಿ ಗುಡುಗಿತು.

"ಭೇಷ್! ತಾವು ಹೇಳಿದ್ದೇ ಸರಿ," ಎಂದ ಪತಂಗ ಹಲ್ಲಿಯ ಮೂತಿಯ ಮೇಲೆಯೇ ನಡೆದು ಕಿಂಡಿ ಹತ್ತಿತು. ಅದೇ ಮಾತನ್ನು ಹೇಳಲು ಆಚೆ ಮನೆಗೆ ಹಾರಿತು.