ಕುಂಬಾರನ ಹಿತ್ತಿಲು

“ಮೇಷ್ಟ್ರೇ, ಕೆಲಸ ಕೈಗೂಡಿಲ್ಲ ಎಂದು ಬರೆದುಕೊಟ್ಟವರಿಗೆ ಸರ್ಕಾರ ಮತ್ತೆ ಅನುದಾನ ಕೊಡುತ್ತದೆಯೇ?”

ಕಾತ್ಯಾಯಿನಿ ಇದನ್ನು ಕೇಳಿದಾಗ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮರುಳಸಿದ್ದಯ್ಯ ಮೇಷ್ಟ್ರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಅವಳಿಗೆ ರಸಾಯನಶಾಸ್ತ್ರ ಕಲಿಸಿದವರು ಅವರು. ಈಗ ಅವಳೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಆದರೂ ಮನಸ್ಸಿಗೆ ಏನಾದರೂ ಹತ್ತಿಕೊಂಡರೆ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾಳೆ.

“ಒಳಗೆ ಬಾ ತಾಯಿ. ಕೂತು ಸುಲಿ. ಬಾಯಿಗೆ ಹೇಗೂ ಕೆಲಸ ಇಟ್ಟುಕೊಂಡೇ ಬಂದಿದ್ದೀಯ, ಕೈಗೂ ಇರಲಿ” ಎಂದರು ಮೇಷ್ಟ್ರು.

ಅವಳು ಕೂತು ಎಲ್ಲವನ್ನೂ ಹೇಳಿದಳು. ವಿಶ್ವವಿದ್ಯಾಲಯವೂ ಒಂದು ಕಾರ್ಖಾನೆಯೂ ಜೊತೆಗೂಡಿ ಸಂಶೋಧನೆ ಮಾಡಿದರೆ ಸರ್ಕಾರ ಅನುದಾನ ಕೊಡುವ ಯೋಜನೆ ಅದು. ಕೊಳವೆಬಾವಿಯ ನೀರಿನಿಂದ ಫ್ಲೋರೈಡ್ ತೆಗೆಯುವ ಅಗ್ಗದ ಫಿಲ್ಟರು ಮಾಡುವುದು ಇವರು ಒಪ್ಪಿಕೊಂಡ ಕೆಲಸ. ಒಳಗಿನ ಪುಡಿ ಇವಳ ಪ್ರಯೋಗಾಲಯದ್ದು, ಹೊರಗಿನ ಡಬ್ಬ ಕಾರ್ಖಾನೆಯದ್ದು. ಪ್ರಯೋಗಾಲಯದಲ್ಲಿ ಫಿಲ್ಟರು ಚೆನ್ನಾಗಿ ನಡೆಯುತ್ತದೆ. ಹಳ್ಳಿಯಲ್ಲಿಟ್ಟರೆ ಮೂರನೆಯ ವಾರಕ್ಕೆ ಕೈಕೊಡುತ್ತದೆ. ಯಾಕೆಂದು ಅವಳಿಗೆ ಗೊತ್ತಿಲ್ಲ. ಕಾರ್ಖಾನೆಯವರನ್ನು ಇವಳು ಕೇಳಿಲ್ಲ, ಅವರೂ ಬಾಯಿ ಬಿಟ್ಟಿಲ್ಲ. ಆರು ತಿಂಗಳಿಗೊಂದು ವರದಿ ಕಳಿಸಬೇಕು; ಸದಸ್ಯರ ಹೆಸರು ಹೊರಗೆ ಬಿಡದ ಒಂದು ಸಮಿತಿ ಅದನ್ನು ನೋಡಿ ಒಪ್ಪಬೇಕು. ಹಿಂದಿನ ನಾಲ್ಕರಲ್ಲಿ ಪ್ರಯೋಗಾಲಯದ ಫಲಿತಾಂಶ ಮಾತ್ರ ಇತ್ತು. ಐದನೆಯದು ಈ ಸೋಮವಾರ ಹೋಗಬೇಕು.

“ನಿಜ ಬರೆದರೆ ಅನುದಾನ ನಿಲ್ಲುತ್ತದೆ. ಅದನ್ನೇ ನಂಬಿಕೊಂಡು ಇಬ್ಬರು ಹುಡುಗಿಯರು ನನ್ನ ಹತ್ತಿರ ಪಿಎಚ್.ಡಿ. ಮಾಡುತ್ತಿದ್ದಾರೆ. ಬರೆಯದೆ ಹೋದರೆ ಆ ಹಳ್ಳಿಯ ಮಕ್ಕಳು ಅದೇ ನೀರು ಕುಡಿಯುತ್ತವೆ. ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ ಮೇಷ್ಟ್ರೇ.”

ಮೇಷ್ಟ್ರು ಅವರೆಕಾಯಿಯ ಮೊರವನ್ನು ಅವಳ ಕಡೆಗೆ ತಳ್ಳಿದರು. “ಹಾಗಾದರೆ ಒಂದು ಕತೆ ಕೇಳು” ಎಂದು ಶುರು ಮಾಡಿದರು.

ದಿಬ್ಬದ ಮೇಲೆ ಒಂದು ಊರು. ಊರಿನಲ್ಲಿ ಕುಡಿಯುವುದಕ್ಕೆ ಹನಿ ನೀರಿಲ್ಲ. ಎದುರಿನ ಗುಡ್ಡದಲ್ಲಿ, ಊರಿಗಿಂತ ಎತ್ತರದಲ್ಲಿ, ಒಳ್ಳೆಯ ಒರತೆ ಇದೆ. ಆದರೆ ದಿಬ್ಬಕ್ಕೂ ಗುಡ್ಡಕ್ಕೂ ನಡುವೆ ಆಳವಾದ ತಗ್ಗು. ಊರಿನ ಹೆಂಗಸರು ಬೆಳಗಾದರೆ ತಗ್ಗಿಗೆ ಇಳಿದು, ಗುಡ್ಡ ಹತ್ತಿ, ಕೊಡ ತುಂಬಿಕೊಂಡು, ಮತ್ತೆ ಇಳಿದು ಮತ್ತೆ ಹತ್ತಬೇಕು. ಆ ಊರಿಗೆ ಹೆಣ್ಣು ಕೊಡಲು ಸುತ್ತಮುತ್ತಲಿನವರು ಹಿಂದೆಮುಂದೆ ನೋಡುತ್ತಿದ್ದರು.

ಆ ನಾಡಿನ ರಾಜ ಒಳ್ಳೆಯವನು, ಸ್ವಲ್ಪ ಅವಸರದವನು. ಅವನು ಡಂಗುರ ಹೊಡೆಸಿದ. ಪಾಠಶಾಲೆಯ ಒಬ್ಬ ಪಂಡಿತ, ಕೇರಿಯ ಒಬ್ಬ ಕಸುಬುದಾರ, ಇಬ್ಬರೂ ಜೊತೆಗೂಡಿ ಈ ಊರಿಗೆ ನೀರು ತರುವುದಾದರೆ ಖರ್ಚೆಲ್ಲ ಅರಮನೆಯದ್ದು. ಒಬ್ಬೊಬ್ಬರೇ ಬಂದರೆ ಬಿಡಿಗಾಸೂ ಇಲ್ಲ.

ಲೆಕ್ಕ ಬಲ್ಲ ಒಬ್ಬ ಪಂಡಿತ ಬಂದ. ಮಣ್ಣು ಬಲ್ಲ, ಅದೇ ಊರಿನ ಒಬ್ಬ ಕುಂಬಾರ ಬಂದ. ಇಬ್ಬರೂ ಒಬ್ಬರ ಮುಖ ಒಬ್ಬರು ಮೊದಲು ನೋಡಿದ್ದೇ ಅರಮನೆಯ ಬಾಗಿಲಲ್ಲಿ. ಮಣ್ಣಿನ ಕೊಳವೆ ಸುಟ್ಟು, ಬಾಯಿಗೆ ಬಾಯಿ ಜೋಡಿಸಿ, ಒರತೆಯಿಂದ ಊರಿನವರೆಗೆ ಹೂಳುವುದು ಎಂದು ಮಾತಾಯಿತು. ನೀನು ಕೊಳವೆ ಮಾಡು, ನಾನು ಲೆಕ್ಕ ಮಾಡುತ್ತೇನೆ ಎಂದ ಪಂಡಿತ. ಆಗಲಿ ಸ್ವಾಮಿ ಎಂದ ಕುಂಬಾರ. ಅವನು ಅವನ ಮನೆಗೆ ಹೋದ, ಇವನು ಇವನ ಮನೆಗೆ ಹೋದ. ಜೊತೆಗೂಡುವುದು ಎಂದರೆ ಅವರಿಗೆ ತಿಳಿದದ್ದು ಅಷ್ಟೇ. ನಗಬೇಡ, ಇಬ್ಬರೂ ಪಾಪ, ಬಹಳ ಒಳ್ಳೆಯವರು.

ಆ ಊರಿನ ಕುಂಬಾರರಲ್ಲಿ ಒಂದು ರೂಢಿ ಇತ್ತು. ಮಡಕೆ ಸುಡುವ ಆವಿಗೆ ತೆಗೆಯುವಾಗ ಹೊರಗಿನವರು ಯಾರೂ ಹತ್ತಿರ ಇರಕೂಡದು. ಸುಟ್ಟದ್ದರಲ್ಲಿ ಬಿರುಕು ಬಿಟ್ಟದ್ದು, ಒಡೆದದ್ದು, ಏನಿದ್ದರೂ ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಿಲು ಸೇರಬೇಕು. ಅಂಗಳದಲ್ಲಿ ಒಡಕು ಚೂರು ಕಂಡರೆ ಆ ಮನೆಯ ಮಾನ ಹೋಯಿತು ಅಂತಲೇ ಲೆಕ್ಕ. ಪಂಡಿತರಲ್ಲೂ ಒಂದು ರೂಢಿ. ತಾನು ಖಚಿತ ಮಾಡಿಕೊಳ್ಳದ ಮಾತನ್ನು ಇನ್ನೊಬ್ಬರ ಮುಂದೆ ಆಡಕೂಡದು. ಅನುಮಾನ ಉಳಿದ ಓಲೆಗರಿ ಅಟ್ಟ ಸೇರಬೇಕು. ಇಬ್ಬರೂ ತಮ್ಮ ತಮ್ಮ ಹಿರಿಯರಿಗೆ ವಿಧೇಯರಾಗಿದ್ದರು.

ಕುಂಬಾರ ಕೊಳವೆ ಸುಟ್ಟ. ತನ್ನ ಕೇರಿಯವರನ್ನು ಕರೆದುಕೊಂಡು ಹೋಗಿ ಒರತೆಯಿಂದ ಕೆಳಕ್ಕೆ ಜೋಡಿಸಿದ. ಗುಡ್ಡದ ಇಳಿಜಾರಿನಲ್ಲಿ ಎಲ್ಲ ಸರಿ ಇತ್ತು. ನೀರು ತಗ್ಗಿಗೆ ಇಳಿದು ದಿಬ್ಬ ಏರತೊಡಗಿದ್ದೇ ತಡ, ತಗ್ಗಿನ ಕೊಳವೆಗಳು ಪಟಪಟನೆ ಒಡೆದವು. ಅಯ್ಯೋ, ನನ್ನ ಮಣ್ಣೇ ಕೆಟ್ಟಿತಲ್ಲ, ಪಂಡಿತರಿಗೆ ಏನೆಂದು ಮುಖ ತೋರಿಸಲಿ ಎಂದು ಕುಂಬಾರ ಚೂರುಗಳನ್ನೆಲ್ಲ ಗಾಡಿಗೆ ತುಂಬಿ ಹಿತ್ತಿಲಿಗೆ ತಂದು ಸುರಿದ. ಮೇಲೆ ಹುಲ್ಲು ಮುಚ್ಚಿದ. ಬೇರೆ ಕೆರೆಯ ಮಣ್ಣು ತಂದು ಮತ್ತೆ ಸುಟ್ಟ. ಅದೂ ತಗ್ಗಿನಲ್ಲೇ ಒಡೆಯಿತು.

ಅತ್ತ ಪಂಡಿತ ತನ್ನ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದ. ಮೊದಲ ತಿಂಗಳೇ ಲೆಕ್ಕ ಅವನಿಗೆ ಹೇಳಿತ್ತು, ತಗ್ಗಿನಲ್ಲಿ ನೀರಿನ ಒತ್ತಡ ಜಾಸ್ತಿ, ಅಷ್ಟು ತೆಳ್ಳಗಿನ ಕೊಳವೆ ತಡೆಯುವುದಿಲ್ಲ ಎಂದು. ಪೇಟೆಯಲ್ಲಿ ಕುಂಬಾರ ಸಿಕ್ಕಾಗ, ಕೊಳವೆ ಹೇಗಿವೆಯಪ್ಪ ಎಂದು ಕೇಳಿದ. ದೇವರ ದಯೆಯಿಂದ ಚೆನ್ನಾಗಿವೆ ಸ್ವಾಮಿ ಎಂದ ಕುಂಬಾರ. ಪಂಡಿತ ತಲೆ ಕೆರೆದುಕೊಂಡ. ಕೊಳವೆ ಚೆನ್ನಾಗಿವೆ ಎಂದ ಮೇಲೆ ತಪ್ಪಿರುವುದು ತನ್ನ ಲೆಕ್ಕದಲ್ಲೇ ಎಂದುಕೊಂಡ. ಆ ಓಲೆಯನ್ನು ಅಟ್ಟಕ್ಕೆ ತಳ್ಳಿ ಬೇರೆ ಸೂತ್ರ ಹಿಡಿದ. ಅದೂ ಅದೇ ಉತ್ತರ ಕೊಟ್ಟಿತು. ಅದೂ ಅಟ್ಟ ಸೇರಿತು. ಹೀಗೆ ಒಬ್ಬ ಒಳ್ಳೆಯ ಮಣ್ಣನ್ನು ಬೈದುಕೊಂಡ, ಒಬ್ಬ ಸರಿಯಾದ ಲೆಕ್ಕವನ್ನು ಬೈದುಕೊಂಡ.

ಕಾತ್ಯಾಯಿನಿಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಕಾರ್ಖಾನೆಯ ಮ್ಯಾನೇಜರು ಹೋದ ತಿಂಗಳು ಫೋನಿನಲ್ಲಿ, ಎಲ್ಲ ಚೆನ್ನಾಗಿದೆ ಅಲ್ಲವೇ ಮೇಡಂ ಎಂದು ಕೇಳಿದ್ದೂ, ತಾನು ಹೂಂ ಎಂದದ್ದೂ ಅವಳಿಗೆ ನೆನಪಾಯಿತು. ಮೇಷ್ಟ್ರು ಗಮನಿಸದವರಂತೆ ಮುಂದುವರಿಸಿದರು.

ಆರು ತಿಂಗಳಿಗೊಮ್ಮೆ ಅರಮನೆಯಿಂದ ಒಬ್ಬ ಪಾರುಪತ್ತೇಗಾರ ಬರುತ್ತಿದ್ದ. ಕೆಲಸ ನೋಡಿ, ಸರಿ ಇದೆ ಎಂದು ಬರೆದರೆ ಮುಂದಿನ ಕಂತು. ವಯಸ್ಸಾದವನು, ಮೃದು ಸ್ವಭಾವದವನು. ಚಿಕ್ಕಂದಿನಲ್ಲಿ ಈ ಪಂಡಿತನ ಕೈಹಿಡಿದು ಅಕ್ಷರ ತಿದ್ದಿಸಿದವನೂ ಅವನೇ. ಅವನು ಬರುವ ದಿನ ಕುಂಬಾರ ತನ್ನ ಅಂಗಳದಲ್ಲಿ, ಮಟ್ಟಸವಾದ ನೆಲದ ಮೇಲೆ, ನಲವತ್ತು ಕೊಳವೆ ಜೋಡಿಸಿಡುತ್ತಿದ್ದ. ಈ ತುದಿಯಲ್ಲಿ ಒಂದು ಕೊಡ ನೀರು ಹೊಯ್ದರೆ ಆ ತುದಿಯಲ್ಲಿ ಸಳಸಳನೆ ಬೀಳುತ್ತಿತ್ತು. ಪಂಡಿತ ಪಕ್ಕದಲ್ಲಿ ನಿಂತು ಒಂದು ಶ್ಲೋಕ ಹೇಳುತ್ತಿದ್ದ. ಪಾರುಪತ್ತೇಗಾರನಿಗೆ ಆನಂದವೋ ಆನಂದ. ಭೇಷ್ ಎಂದು ಬೆನ್ನು ತಟ್ಟಿ, ಕುಂಬಾರನ ಹೆಂಡತಿ ಬಡಿಸಿದ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು, ಸರಿ ಇದೆ ಎಂದು ಬರೆದು ಹೋಗುತ್ತಿದ್ದ. ಆ ಒಂದು ಕೊಡ ನೀರನ್ನು ಆಕೆ ಗುಡ್ಡ ಹತ್ತಿ ಹೊತ್ತು ತಂದಿರುತ್ತಿದ್ದಳು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೀಗೆ ನಾಲ್ಕು ಸಲ ನಡೆಯಿತು.

ಐದನೆಯ ಸಲ ಪಂಡಿತ ಸ್ವಲ್ಪ ಬೇಗ ಬಂದ. ದಾರಿಯಲ್ಲಿ ಸಗಣಿ ತುಳಿದಿದ್ದ. ಕಾಲು ತೊಳೆಯಬೇಕೆಂದು ಯಾರನ್ನೂ ಕೇಳದೆ ನೇರವಾಗಿ ಹಿತ್ತಿಲಿಗೆ ನಡೆದ. ಅಲ್ಲಿ ಆಳೆತ್ತರದ ಗುಡ್ಡೆ. ಗಾಳಿಗೆ ಹುಲ್ಲು ಸರಿದಿದೆ. ಕೆಳಗೆ ಕೊಳವೆ ಚೂರು, ರಾಶಿ ರಾಶಿ. ಒಂದನ್ನು ಕೈಗೆತ್ತಿಕೊಂಡ. ಉದ್ದಕ್ಕೆ ಸೀಳಿತ್ತು. ಇನ್ನೊಂದನ್ನು ಎತ್ತಿಕೊಂಡ. ಅದೂ ಉದ್ದಕ್ಕೆ. ಆವಿಗೆಯಲ್ಲಿ ಬಿಟ್ಟ ಬಿರುಕು ಹೇಗೆಂದರೆ ಹಾಗೆ ಓಡುತ್ತದೆ. ಇದು ಹಾಗಲ್ಲ, ಒಳಗಿನಿಂದ ನೀರು ಸೀಳಿದ್ದು. ಪಂಡಿತ ತೊಳೆಯದ ಕಾಲಿನಲ್ಲೇ ಆ ರಾಶಿಯ ಮೇಲೆ ಕೂತುಬಿಟ್ಟ.

ಕುಂಬಾರ ಓಡಿ ಬಂದ. ಅವನ ಕಣ್ಣಲ್ಲಿ ನೀರು. “ಅಲ್ಲಿಂದ ಏಳಿ ಸ್ವಾಮಿ. ಅದು ನನ್ನ ಮಾನ. ನಾಲ್ಕು ಕೆರೆಯ ಮಣ್ಣು ತಂದೆ, ನಾಲ್ಕೂ ತಗ್ಗಿನಲ್ಲಿ ಒಡೆಯಿತು. ನನ್ನ ಕೈಗೇ ಏನೋ ರೋಗ.”

“ರೋಗ ನಿನ್ನ ಕೈಗಲ್ಲ ಮಾರಾಯ, ನನ್ನ ಬಾಯಿಗೆ” ಎಂದ ಪಂಡಿತ. “ಇದು ಒಡೆಯುತ್ತದೆ ಎಂದು ಎರಡು ವರ್ಷಕ್ಕೂ ಹಿಂದೆಯೇ ನನಗೆ ಗೊತ್ತಿತ್ತು. ನೀನು ಚೆನ್ನಾಗಿದೆ ಎಂದೆ, ನಾನು ನನ್ನ ಲೆಕ್ಕ ಬಚ್ಚಿಟ್ಟೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಅಳು ಬಂತು, ಆಮೇಲೆ ನಗು ಬಂತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಕುಂಬಾರನ ಹೆಂಡತಿಗೆ ಮಾತ್ರ ನಗು ಬರಲಿಲ್ಲ. ಎರಡು ವರ್ಷ ನಾನು ಹೊತ್ತ ಕೊಡಗಳನ್ನು ಈಗ ಯಾರು ಇಳಿಸುತ್ತೀರಿ ಎಂದು ಇಬ್ಬರನ್ನೂ ಚೆನ್ನಾಗಿ ಝಾಡಿಸಿದಳು. ಸರಿಯಾಗಿಯೇ ಮಾಡಿದಳು.

ಅವತ್ತು ಮೊದಲ ಸಲ ಇಬ್ಬರೂ ಜೊತೆಗೆ ಕೂತು ಮಾತಾಡಿದರು. ಕೊಳವೆಯ ಗೋಡೆ ಮೂರು ಬೆರಳು ದಪ್ಪ ಬೇಕು ಎಂದ ಪಂಡಿತ. ಅಷ್ಟು ದಪ್ಪ ಮಾಡಿದರೆ ಒಳಗೆ ಬೇಯುವುದಿಲ್ಲ ಸ್ವಾಮಿ ಎಂದ ಕುಂಬಾರ. ತುಸು ಯೋಚಿಸಿ ಅವನೇ ಹೇಳಿದ, ಸಣ್ಣ ಕೊಳವೆಯನ್ನು ದೊಡ್ಡ ಕೊಳವೆಯೊಳಗೆ ತೂರಿಸಿ ನಡುವೆ ಗಾರೆ ತುಂಬಿದರೆ ಹೇಗೆ ಎಂದು. ಪಂಡಿತ ಕಡ್ಡಿ ತೆಗೆದುಕೊಂಡು ನೆಲದ ಮೇಲೇ ಲೆಕ್ಕ ಹಾಕಿದ. ತಡೆಯುತ್ತದೆ ಎಂದು ಬಂತು. ಎರಡೂವರೆ ವರ್ಷದಲ್ಲಿ ಆಗದ ಕೆಲಸ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಆಯಿತು.

ಆಗ ಅಂಗಳದಲ್ಲಿ ಪಾರುಪತ್ತೇಗಾರನ ದನಿ ಕೇಳಿಸಿತು. ಇಬ್ಬರ ಮುಖವೂ ಸಣ್ಣದಾಯಿತು. ಅಂಗಳದಲ್ಲಿ ನಲವತ್ತು ಕೊಳವೆ ಸಿದ್ಧವಾಗಿದ್ದವು, ಕೊಡದಲ್ಲಿ ನೀರೂ ಇತ್ತು. ಹೊಯ್ದರೆ ಮುಂದಿನ ಕಂತು ಬರುತ್ತದೆ. ಅದರಲ್ಲೇ ಕುಂಬಾರರ ಕೇರಿಯ ಒಲೆ ಉರಿಯುತ್ತಿದೆ. ಹಿತ್ತಿಲು ತೋರಿಸಿದರೆ ಎಲ್ಲ ನಿಲ್ಲಬಹುದು. ಆದರೆ ತಗ್ಗಿನ ಕೊಳವೆ ಬದಲಿಸುವುದಕ್ಕೆ ಮಾಡಿದ್ದೆಲ್ಲ ಅಗೆದು ತೆಗೆಯಬೇಕು. ಅದನ್ನು ಮುಚ್ಚಿಟ್ಟು ಮಾಡಲು ಆಗುವುದಿಲ್ಲ.

ಕುಂಬಾರನೇ ಮುಂದೆ ಹೋಗಿ ಪಾರುಪತ್ತೇಗಾರನ ಕೈಹಿಡಿದು ಹಿತ್ತಿಲಿಗೆ ಕರೆತಂದ. ಪಂಡಿತ ಎಲ್ಲ ಬಿಡಿಸಿ ಹೇಳಿದ. ಮುದುಕ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ನೀವು ತೋರಿಸಲಿಲ್ಲ, ನಾನು ನೋಡಲಿಲ್ಲ ಎಂದುಕೊಳ್ಳೋಣ, ಎದ್ದು ಅಂಗಳಕ್ಕೆ ಬನ್ನಿ ಎಂದು ಅಂಗಲಾಚಿದ. ಅವನಿಗೆ ಆ ಇಬ್ಬರ ಮೇಲೆ ಅಷ್ಟು ಪ್ರೀತಿ. ಇಬ್ಬರೂ ಅಲುಗಲಿಲ್ಲ. ಕೊನೆಗೆ ಅವನು ಕಂಡದ್ದನ್ನು ಕಂಡಹಾಗೆ ಬರೆದ.

ಅರಮನೆ ಒಂದು ಕಂತು ನಿಲ್ಲಿಸಿತು. ಹೌದು ಮಗಳೇ, ನಿಲ್ಲಿಸಿತು. ನಾನು ಕತೆ ಹೇಳುತ್ತಿದ್ದೇನೆಂದು ಸುಳ್ಳು ಹೇಳಲಾರೆ. ಆ ಆರು ತಿಂಗಳು ಕುಂಬಾರ ಸಂತೆಯಲ್ಲಿ ಮಡಕೆ ಮಾರಿದ. ಪಂಡಿತ ನಾಲ್ಕು ಮನೆಯಲ್ಲಿ ಪಾಠ ಹೇಳಿದ. ಕೇರಿಯವರು ಗೊಣಗಿಕೊಂಡೇ ಸೌದೆ ತಂದುಕೊಟ್ಟರು. ಊರಿನ ಹೆಂಗಸರು ಗಾರೆ ಅರೆದರು. ತಗ್ಗಿನಲ್ಲಿ ಕೊಳವೆಯೊಳಗೊಂದು ಕೊಳವೆ ಕೂತಿತು. ಒಂದು ದಿನ ಬೆಳಿಗ್ಗೆ ಊರ ನಡುವಿನ ಕಲ್ಲುಬಾನಿಗೆ ನೀರು ಬಿತ್ತು. ಆಮೇಲೆ ರಾಜ ನಿಲ್ಲಿಸಿದ ಕಂತನ್ನು ಕಳಿಸಿಕೊಟ್ಟ. ಕುಂಬಾರನ ಹೆಂಡತಿ ಆ ನೀರಿಗೆ ಕೈಯೊಡ್ಡಿಕೊಂಡು ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದಳಂತೆ.

ಮೇಷ್ಟ್ರು ಕತೆ ಮುಗಿಸಿ ಕೈ ಒರೆಸಿಕೊಂಡರು. ಸೋಮವಾರ ಏನು ಬರೆಯಬೇಕು, ಅದಕ್ಕೂ ಮೊದಲು ಯಾರಿಗೆ ಫೋನು ಮಾಡಬೇಕು ಎಂಬುದು ಕಾತ್ಯಾಯಿನಿಗೆ ತಿಳಿದುಹೋಗಿತ್ತು. ಆದರೂ ಒಂದು ಸಿಟ್ಟು ಉಳಿದಿತ್ತು.

“ಪಂಡಿತನದೂ ಕುಂಬಾರನದೂ ಬಿಡಿ ಮೇಷ್ಟ್ರೇ, ಅವರಿಗೆ ನಾಚಿಕೆ, ಹೆದರಿಕೆ. ಆದರೆ ಆ ಪಾರುಪತ್ತೇಗಾರ? ನಾಲ್ಕು ಸಲ ಬಂದು ರೊಟ್ಟಿ ತಿಂದು ಹೋದನಲ್ಲ, ಒಂದು ಸಲ ಹಿತ್ತಿಲಿಗೆ ಹೋಗಬಾರದಿತ್ತೇ? ಅವನಿಗೇನು ಕಣ್ಣಿರಲಿಲ್ಲವೇ?”

“ಕಣ್ಣಿತ್ತು ತಾಯಿ, ಅದಕ್ಕಿಂತ ಮಮತೆ ಜಾಸ್ತಿ ಇತ್ತು; ಹೆಸರು ಹೇಳಬಾರದೆಂಬ ಆ ಸಮಿತಿಯಲ್ಲಿ ಕೂತು, ನಿನ್ನ ನಾಲ್ಕು ವರದಿಗಳ ಮೇಲೂ ‘ತೃಪ್ತಿಕರ’ ಎಂದು ಬರೆದವನು ನಾನೇ.”