ಹೇಳಬಾರದ ಬಣ್ಣ

"ಕೇಳಿರಪ್ಪೋ ಕೇಳಿ! ಅರಮನೆಯ ಕೂಸು ಹಾಲು ಬಿಟ್ಟಿದೆ, ಕಣ್ಣು ತೆರೆಯುತ್ತಿಲ್ಲ. ಸೂಲಗಿತ್ತಿ ದೇವೀರಮ್ಮನ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಹೋಗುತ್ತದೆ!"

ತಮಟೆಯವನು ಹೀಗೆ ಸಾರಿಕೊಂಡು ಹೋದಾಗ ಮಡಿವಾಳರ ಚಿಕ್ಕೀರ ಹೊಳೆಯಲ್ಲಿ ಅರಮನೆಯ ಬಾಣಂತಿ ಬಟ್ಟೆ ಒಗೆಯುತ್ತಿದ್ದ. ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಎದ್ದ. ಹೋದ ವರ್ಷ ಅವನ ಮಗಳೂ ಹುಟ್ಟಿದ ಹೊಸದರಲ್ಲಿ ಹೀಗೇ ಹಾಲು ಬಿಟ್ಟಿದ್ದಳು.

ಕೂಸಿನ ಕಾಯಿಲೆ ಏನೆಂದು ದೇವೀರಮ್ಮನಿಗೂ ಗೊತ್ತಿತ್ತು, ಬಾಯಿ ಬಿಡುವ ಹಾಗಿರಲಿಲ್ಲ. ಹೊನ್ನಾಪುರದ ರಾಜಮನೆತನಕ್ಕೆ ತಮ್ಮದು ಚಿನ್ನದ ಮೈಬಣ್ಣ ಎಂಬ ಜಂಬ. ಬಾಣಂತಿ ಕೋಣೆಗೆ ಹಳದಿ ರೇಷ್ಮೆಯ ಪರದೆ, ಹಳದಿ ಹಾಸಿಗೆ, ಕೂಸಿನ ಮೈತುಂಬ ಅರಿಸಿನ. ರಾಜವಂಶದ ಮಗು ಹಳದಿಯಾಗಿದೆ ಎಂದವನಿಗೆ ಮರಣದಂಡನೆ! ಮೊದಲ ರಾಜಕುಮಾರ ಆ ಕೋಣೆಯಲ್ಲೇ ತೀರಿಕೊಂಡಾಗ ದೃಷ್ಟಿ ತಾಗಿತು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. ಈ ಸಲ ಮುದುಕಿ ಹೇಳಬೇಕಾದ್ದನ್ನೆಲ್ಲ ಒಗಟು ಮಾಡಿ ಸಭೆಯ ಮುಂದಿಟ್ಟಳು.

"ಈ ಮನೆಗೆ ಚಿನ್ನ ಬಂತು. ತಲೆಯಿಂದ ಕಾಲಿಗೆ ಇಳೀತು. ಇಳಿದಷ್ಟೂ ಮನೆ ಬಡವಾಯ್ತು. ಏನದು?"

ಸರದಾರನೊಬ್ಬ ಮೀಸೆ ತಿರುವಿ, "ಒಡವೆಯ ಆಸೆ," ಎಂದ. ಅಲ್ಲವೆಂದಳು ದೇವೀರಮ್ಮ. ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. "ಮುಪ್ಪು," ಎಂದ ಜೋಯಿಸನೂ ಅವನ ಹಿಂದೆಯೇ ಹೋದ. ಉಳಿದವರು ಹಿಂದೆ ಸರಿದರು. ಒಳಗಿನಿಂದ ರಾಣಿಯ ಅಳು ಕೇಳುತ್ತಿತ್ತು, ಕೂಸಿನದು ಕೇಳುತ್ತಿರಲಿಲ್ಲ.

ಅಷ್ಟರಲ್ಲಿ, ಬಾಗಿಲಲ್ಲೇ ಒಗಟು ಕೇಳಿಸಿಕೊಂಡಿದ್ದ ಚಿಕ್ಕೀರ ಒದ್ದೆ ಪಂಚೆಯಲ್ಲೇ ಮುಂದೆ ಬಂದು ನಿಂತ.

"ಹಳದಿ," ಎಂದ. "ಕೂಸಿನ ಮೈಗೆ ಬಂದಿರೋ ಹಳದಿ. ಅದು ಚಿನ್ನ ಅಲ್ಲ ಬುದ್ಧೀ, ಕಾಮಾಲೆ."

ದೊರೆ ಕತ್ತಿ ಹಿರಿದ. "ಉತ್ತರ ಸರಿಯಾಗಿದೆ!" ಎಂದು ದೇವೀರಮ್ಮ ಕೂಗಿದಳು.

"ನನ್ನ ತಲೆ ಎಲ್ಲಿಗೂ ಓಡಿಹೋಗಲ್ಲ," ಎಂದ ಚಿಕ್ಕೀರ. "ಮೊದಲು ಕೂಸನ್ನ ಬೆಳಕಿಗೆ ತನ್ನಿ."

ರಾಣಿ ತಾನೇ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡಿ ಬಂದಳು. ಸೂಲಗಿತ್ತಿ ಒದ್ದೆ ಬಟ್ಟೆಯಿಂದ ಅರಿಸಿನ ಒರೆಸಿ, ಎದೆಯ ಮೇಲೆ ಮೆಲ್ಲಗೆ ಬೆರಳೊತ್ತಿ ತೆಗೆದಳು. ಒತ್ತಿದ ಜಾಗ ಹಳದಿ. ಕಣ್ಣಿನ ಬಿಳಿ ಹಳದಿ. ಪುಟ್ಟ ಅಂಗಾಲೂ ಹಳದಿ. ದೊರೆಯ ಕೈಯಿಂದ ಕತ್ತಿ ಜಾರಿತು.

"ಬೇಗ ಮುಂದಿಂದು ಕೇಳಮ್ಮಾ!" ಎಂದು ರಾಣಿ ಚೀರಿದಳು.

"ಕುಡಿದಷ್ಟೂ ಊರೋ ಬಾವಿ, ಬಿಟ್ಟರೆ ಬತ್ತೋ ಬಾವಿ. ಯಾವುದದು?"

ಹಿಂದಿನಿಂದ ಪಂಡಿತರೊಬ್ಬರು "ವಿದ್ಯೆ, ವಿದ್ಯೆ" ಎಂದು ಪಿಸುಗುಟ್ಟಿದರು. ತಲೆಯ ಮೇಲಿನ ಆಸೆಯಿಂದ ಗಟ್ಟಿಯಾಗಿ ಹೇಳಲಿಲ್ಲ.

"ತಾಯಿ ಹಾಲು," ಎಂದ ಚಿಕ್ಕೀರ. "ನೀವು ಚಿನ್ನದ ಚಮಚದಲ್ಲಿ ಜೇನು ನೆಕ್ಕಿಸ್ತಾ ಕೂತಿದ್ದೀರಿ."

"ಕಡೇದು. ಅರೆಯೋಕಾಗಲ್ಲ, ಕುಡಿಸೋಕಾಗಲ್ಲ, ಮೈ ಸುಡೋದೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಬರಿಮೈಯಲ್ಲಿ ಮಲಗಿಸಬೇಕು. ಯಾವ ಮದ್ದು?"

"ಬಿಸಿಲು!" ಎಂದು ಮಂತ್ರಿ ಮಧ್ಯೆ ಬಾಯಿ ಹಾಕಿದ.

"ಬಿಸಿಲಿಗೆ ಎಳೆಮೈ ಬೆಂದುಹೋಗುತ್ತೆ ಸ್ವಾಮಿ," ಎಂದ ಚಿಕ್ಕೀರ. "ಹೊಳೆಯಾಚೆ ವೈದ್ಯರ ಮನೇಲಿ ನೀಲಿ ದೀಪ ಇದೆ. ಅದರ ಬೆಳಕು. ನನ್ನ ಮಗಳು ಅದರಡಿ ಮಲಗಿಯೇ ಬದುಕಿದ್ದು. ತಡ ಮಾಡಿದ್ರೆ ಈ ಹಳದಿ ಮಿದುಳಿಗೇ ಹತ್ತುತ್ತೆ. ನಡೀರಿ!"

ದೊರೆ ಪಲ್ಲಕ್ಕಿಗೆ ಕಾಯಲಿಲ್ಲ. ಕೂಸನ್ನು ಎದೆಗವಚಿಕೊಂಡು ಹೊಳೆಗೆ ಓಡಿದ, ಸಿಕ್ಕ ದೋಣಿ ಹತ್ತಿ ದಾಟಿದ. ಕಿರೀಟ ಬೀದಿಯಲ್ಲಿ ಬಿತ್ತು, ಯಾರೂ ಎತ್ತಲಿಲ್ಲ. ವೈದ್ಯರು ಕೂಸನ್ನು ನೀಲಿ ಬೆಳಕಿನಲ್ಲಿ ಮಲಗಿಸಿದರು. ರಾಣಿ ತನ್ನ ಹಾಲು ಹಿಂಡಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದಳು. ಅಂಗಾಲಿನ ಹಳದಿ ಹೋಯಿತು, ಹೊಟ್ಟೆಯದು ಹೋಯಿತು. ಒಂದು ಬೆಳಗ್ಗೆ ರಾಜಕುಮಾರಿ ಕಾಲು ಬಡಿದು, ಹಾಲು ಬೇಕೆಂದು ಊರೇ ಕೇಳುವಂತೆ ಕಿರುಚಿದಳು. ಅಂಥ ಸಂಗೀತವನ್ನು ದೊರೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೊಸಿಲಲ್ಲೇ ಕೂತು ಅತ್ತುಬಿಟ್ಟ.

"ಅರ್ಧ ರಾಜ್ಯ ತಗೋ ಚಿಕ್ಕೀರ," ಎಂದ.

"ಅದನ್ನ ಎಲ್ಲಿ ಒಣಗಿಸಲಿ ಬುದ್ಧೀ? ಸೆರೆಯಲ್ಲಿರೋರನ್ನ ಬಿಟ್ಟುಬಿಡಿ. ಹಳದಿ ಅಂದವರ ತಲೆ ತೆಗೆಯೋ ಕಾನೂನು ಸುಟ್ಟುಹಾಕಿ. ಮತ್ತೆ ಹೊಳೆ ದಡದಲ್ಲಿ ಹಗಲೂ ರಾತ್ರಿ ಒಂದು ದೋಣಿ ನಿಲ್ಲಿಸಿ, ಯಾರ ಕೂಸಾದ್ರೂ ಸರಿ."

ದೊರೆ ಮೂರನ್ನೂ ನಡೆಸಿಕೊಟ್ಟ. ಬೇಡವೆಂದರೂ ಬಿಡದೆ ಚಿಕ್ಕೀರನಿಗೆ ಹೊಳೆದಡದ ಗದ್ದೆ ಬರೆದುಕೊಟ್ಟ. ಮುಂದಿನ ವಾರವೇ ಕುಂಬಾರರ ಕೂಸೊಂದು ಆ ದೋಣಿಯಲ್ಲಿ ಹಳದಿಯಾಗಿ ಹೋಯಿತು, ಅತ್ತು ಅತ್ತು ಕೆಂಪಗಾಗಿ ಬಂತು.