ಬೆಲ್ಲದ ಬಣ್ಣದ ಗುಂಡಿ

ಸ್ವಲ್ಪ ಹತ್ತಿರ ಸರಿದು ಕೂಡ್ರಿ. ಬಾಗಿಲು ಮುಂದಕ್ಕೆ ಮಾಡ್ರಿ. ಈ ಮಾತು ನಿಮ್ಮ ಹೊಟ್ಟೆಯೊಳಗೇ ಇರಬೇಕು, ಒಡಹುಟ್ಟಿದ ತಂಗಿಗೂ ಹೇಳಕೂಡದು. ಆಣೆ ಮಾಡಿದಿರಾ? ಹಾಂ, ಹಾಗಾದರೆ ಕೇಳ್ರಿ.

ಹೊಳೆ ದಂಡೆಯ ಆಶ್ರಮದಲ್ಲಿ, ಹಾಡುಹಗಲು, ಓದಿದ ಹೆಣ್ಣುಮಗಳೊಬ್ಬಳು ಕತ್ತರಿ ಹಿಡಿದು ಹನ್ನೊಂದು ಕೂಸುಗಳ ಸ್ವೆಟರಿನ ಗುಂಡಿ ಕತ್ತರಿಸಿ ಹಾಕಿದಳು. ಅದೂ ಯಾತಕ್ಕೆ? ಮೋಕ್ಷದ ಆಸೆಗೆ!

ಅವಳ ಹೆಸರು ಕುಮುದಿನಿ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದಳು. ನೌಕರಿ ಬಿಟ್ಟು ಬಂದದ್ದು ಯಾಕೆ ಅಂತ ಮಂದಿ ಬಾಯಿಗೆ ಬಂದಂತೆ ಆಡಿಕೊಂಡರು. ಮದುವೆ ಮುರಿಯಿತು ಅಂದರು ಕೆಲವರು. ಪ್ರಿನ್ಸಿಪಾಲರ ಮುಖಕ್ಕೆ ಪುಸ್ತಕ ಎಸೆದಳು ಅಂದರು ಇನ್ನು ಕೆಲವರು.

ಎರಡೂ ಸುಳ್ಳು. ಪುಸ್ತಕ ಎಸೆದದ್ದು ಮೇಜಿನ ಮೇಲೆ.

ಆಶ್ರಮದ ಗುರು ಒಬ್ಬ ಮುದುಕಿ. ಕಾವಿ ಇಲ್ಲ, ಜಟೆ ಇಲ್ಲ, ಬಾಯಲ್ಲಿ ಹಲ್ಲೂ ಇಲ್ಲ. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು, ಅಜ್ಜಿಗೆ ಅನ್ನುವ ಹಾಗೆ. ಕುಮುದಿನಿಗೆ ಸಿಕ್ಕಿದ್ದು ಆಯಿಯ ಮಗ್ಗುಲ ಖೋಲಿ. ನಡುವೆ ಒಂದೇ ಗೋಡೆ. ಗುರುವೂ ಅವಳೇ, ನೆರೆಯವಳೂ ಅವಳೇ.

ಬಂದ ದಿನವೇ ಕುಮುದಿನಿ ಕಾಲಿಗೆ ಬಿದ್ದಳು.

“ಆಯಿ, ನನಗ ಉಪದೇಶ ಕೊಡ್ರಿ.”

“ಥಂಡಿ ಭಾಳ ಅದ,” ಅಂದಳು ಆಯಿ. “ಮೊದಲ ಕೂಸುಗಳಿಗೆ ಸ್ವೆಟರ್ ಹಾಕು.”

ಆಶ್ರಮದಲ್ಲೊಂದು ಶಿಶುವಿಹಾರವಿತ್ತು. ತೊಗರಿ ಕೊಯ್ಯಲು ಹೋಗುವ ತಾಯಂದಿರು ನಸುಕಿನಲ್ಲೇ ತಮ್ಮ ಕೂಸುಗಳನ್ನು ತಂದು ಬಿಡುತ್ತಿದ್ದರು. ಮೂರು ವರ್ಷದವು, ನಾಲ್ಕು ವರ್ಷದವು, ಒಟ್ಟು ಹನ್ನೊಂದು. ಅವಕ್ಕೆ ಗಂಜಿ ಕುಡಿಸಿ, ಮೂಗು ಒರೆಸಿ, ಬೆಚ್ಚಗೆ ಉಡಿಸಿ ಹೊಳೆಯ ಮರಳಿನಲ್ಲಿ ಆಡಲು ಬಿಡಬೇಕು.

ಆಯಿ ಅಂಗಳದ ಬೇವಿನ ಗಿಡ ತೋರಿಸಿದಳು.

“ಬಿಸಿಲು ಮೊದಲ ಅದರ ತುದಿಗೆ ಬೀಳ್ತದ. ಆಮ್ಯಾಲ ಸಾವಕಾಶ ಕೆಳಗ ಇಳೀತದ. ಅದು ಬುಡದ ಕಟ್ಟಿ ಮುಟ್ಟೂದ್ರಾಗ ಹನ್ನೊಂದೂ ಕೂಸು ಮರಳಿನ ಮ್ಯಾಲ ಆಡಬೇಕು. ಅವತ್ತ ನಿನಗ ಉಪದೇಶ.”

ಕುಮುದಿನಿಗೆ ಒಳಗೊಳಗೇ ನಗು. ಇಷ್ಟೇನಾ?

ಮರುದಿನ ಮುಂಜಾನೆ ಸ್ವೆಟರುಗಳ ಟ್ರಂಕು ತೆಗೆದಳು.

ಒಂದು ಕೂಸಿಗೆ ಸ್ವೆಟರ್ ತೊಡಿಸುವಷ್ಟರಲ್ಲಿ ಇನ್ನೊಂದು ಬಿಚ್ಚಿ ಹಾಕಿತು. ಒಬ್ಬ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಕರಡಿಯಾದ. ಒಬ್ಬಳು ಟೊಪ್ಪಿಗೆಯಲ್ಲಿ ಗಂಜಿ ಬಚ್ಚಿಟ್ಟಳು. ಅಂತೂ ಇಂತೂ ಎಲ್ಲರನ್ನೂ ಬಾಗಿಲ ಹತ್ತಿರ ಸಾಲಾಗಿ ನಿಲ್ಲಿಸಿ ಕುಮುದಿನಿ ಉಸಿರು ಬಿಟ್ಟಳೋ ಇಲ್ಲವೋ, ಮೌಲಾ ಎಂಬ ಹುಡುಗ ಕೈ ಎತ್ತಿದ.

“ಅಕ್ಕೋರ, ಒಂದಕ್ಕ!”

ಅವನ ಚಡ್ಡಿಯ ಲಾಡಿ ಬಿಚ್ಚಿದ್ದೇ ತಡ, ಉಳಿದ ಹತ್ತಕ್ಕೂ ಬಂತು.

ಹೊರಗೆ ಬಂದಾಗ ಕಟ್ಟೆಯ ಮೇಲೆ ಬಿಸಿಲು ಕಾಲು ಚಾಚಿ ಮಲಗಿತ್ತು.

ಎರಡನೆಯ ದಿನವೂ ಅಷ್ಟೇ. ಹತ್ತನೆಯ ದಿನವೂ ಅಷ್ಟೇ. ದೊಡ್ಡವರನ್ನು ಮೊದಲು ಮಾಡಿ ನೋಡಿದಳು, ಸಣ್ಣವರನ್ನು ಮೊದಲು ಮಾಡಿ ನೋಡಿದಳು. ಒಂದಕ್ಕೆ ಮೊದಲೇ ಕಳಿಸಿದಳು. ಎಲ್ಲ ಸರಿಹೋಯಿತು ಅನ್ನುವಾಗ ದಾನಮ್ಮ ಉಳಿಯುತ್ತಿದ್ದಳು.

ದಾನಮ್ಮನಿಗೆ ನಾಲ್ಕು ವರ್ಷ. ಸ್ವೆಟರಿನ ಗುಂಡಿ ಅವಳೇ ಹಾಕಿಕೊಳ್ಳಬೇಕು. ಗದ್ದವನ್ನು ಎದೆಗೆ ಒತ್ತಿ, ನಾಲಿಗೆಯ ತುದಿ ಹೊರಗಿಟ್ಟು, ಎರಡೂ ಕೈಯಿಂದ ಗುಂಡಿಯನ್ನು ಕಾಜಿನ ತೂತಿನವರೆಗೆ ತರುವಳು. ಅದು ಜಾರುವುದು. ಮತ್ತೆ ತರುವಳು. ಮತ್ತೆ ಜಾರುವುದು.

“ತಾ ಇಲ್ಲೆ, ನಾ ಹಾಕ್ತೀನಿ.”

“ಬ್ಯಾಡ. ನಾ ಹಾಕೋತೀನಿ.”

ಸ್ವೆಟರ್ ತೊಟ್ಟು ಬಾಗಿಲಲ್ಲಿ ನಿಂತ ಹತ್ತು ಕೂಸುಗಳಿಗೆ ಬೆವರು. ಅಳು. ಕುಮುದಿನಿ ತಡೆಯಲಾರದೆ ಕೈ ಹಾಕಿದಳು. ದಾನಮ್ಮ ಕಚ್ಚಿದಳು.

ಕುಮುದಿನಿ ಆಯಿಯ ಹತ್ತಿರ ದೂರು ಒಯ್ದಳು.

“ಆ ಒಂದು ಹುಡುಗಿಯಿಂದ ಎಲ್ಲಾ ಕೆಡಾಕತ್ತದ್ರಿ. ಆಕೀನ್ನ ಒಳಗ ಬಿಟ್ಟು ಹತ್ತು ಮಂದೀನ್ನ ಕರ್ಕೊಂಡು ಹೋಗ್ಲೇನು?”

“ನಿಮ್ಮ ಶಾಸ್ತ್ರದಾಗ ಹತ್ತಕ್ಕ ಹನ್ನೊಂದು ಅಂತಾರೇನು?”

“ಹಂಗಾರ ಆಕೀ ಗುಂಡಿ ನಾನೇ ಹಾಕ್ಲೇನ್ರಿ?”

“ಆಕೀನ್ನ ಕೇಳು.”

“ಕೇಳ್ದೆ. ಕಚ್ಚಿದಳು.”

“ಮತ್ತ ಉತ್ತರ ಕೊಟ್ಟಾಳಲ್ಲ,” ಅಂದು ಆಯಿ ಅವಳ ಕೈಗೆ ಅರಿಶಿನ ಹಚ್ಚಿದಳು.

ಈಗ ಬಂತು ನೋಡ್ರಿ ಅಸಲು ಗುಟ್ಟು. ಅಡುಗೆಮನೆಯ ರುಕ್ಕವ್ವ ಒಂದು ಮಧ್ಯಾಹ್ನ ಕುಮುದಿನಿಯ ಕಿವಿಯಲ್ಲಿ ಊದಿದಳು. ರುಕ್ಕವ್ವನಿಗೆ ಇಂಥ ಕೆಲಸ ಹೇಳಿಕೊಡಬೇಕಾಗಿಲ್ಲ.

“ಯಾರಿಗೂ ಹೇಳಬ್ಯಾಡ್ರಿ ಮತ್ತ. ಆಯಿ ಮೂವತ್ತು ವರ್ಷ ತಾನೇ ಈ ಕೆಲಸ ಮಾಡ್ಯಾಳ. ಒಂದ ದಿನಾ, ಒಂದ ದಿನಾನೂ ಆಕೀ ಬಿಸಿಲಿಗಿಂತ ಮೊದಲ ಹೊರಗ ಬಂದಿಲ್ಲ!”

ಕುಮುದಿನಿ ನೆಟ್ಟಗೆ ಆಯಿಯ ಖೋಲಿಗೆ ಹೋದಳು.

“ಹೌದೇನ್ರಿ ಆಯಿ?”

“ಹೌದು.” ಆಯಿ ಒಂದು ಕೂಸಿನ ಮೂಗು ಒರೆಸುತ್ತಿದ್ದಳು.

“ಮತ್ತ ನನಗ್ಯಾಕ ಈ ಕರಾರು?”

“ನಮ್ಮ ಗುರುಗಳು ನನಗೂ ಇದನ್ನ ಹೇಳಿದ್ರು.”

“ನಿಮಗ ಉಪದೇಶ ಆತೇನ್ರಿ ಹಂಗಾರ?”

“ಜೋರಾಗಿ ಮೂಗು ಸೀಟು ನನ್ನಪ್ಪಾ,” ಅಂದಳು ಆಯಿ, ಕೂಸಿಗೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ತಿಳಿದುಕೊಳ್ಳುತ್ತಿದ್ದರು. ಆದರೆ ಕುಮುದಿನಿ ಓದಿದವಳು. ಗುರುವಿಗೂ ಆಗದ್ದನ್ನು ತಾನು ಮಾಡಿ ತೋರಿಸಬೇಕು ಅಂತ ಅವಳ ತಲೆ ಹೊಕ್ಕಿತು.

ಆ ಸ್ವೆಟರುಗಳ ಸಂಗತಿ ಇಲ್ಲಿ ಹೇಳಬೇಕು. ಹನ್ನೊಂದೂ ಒಂದೇ ಬೂದು ಉಣ್ಣೆಯವು, ಒಂದೇ ಅಳತೆಯವು. ಕೂಸುಗಳಿಗೆ ಅಕ್ಷರ ಬಾರದು, ಹೆಸರು ಬರೆದರೆ ಓದುವವರಾರು? ಅದಕ್ಕೇ ಆಯಿ ಒಂದೊಂದು ಸ್ವೆಟರಿಗೆ ಒಂದೊಂದು ನಮೂನೆಯ ಮೂರು ಗುಂಡಿ ಹೊಲಿದಿದ್ದಳು. ಮೌಲಾನವು ಯಾವುದೋ ಕೋಟಿನ ಹಿತ್ತಾಳೆ ಗುಂಡಿಗಳು. ಇನ್ನೊಬ್ಬನವು ಹಸಿರು. ದಾನಮ್ಮನವು ಬೆಲ್ಲದ ಬಣ್ಣದವು, ನೆಕ್ಕಿ ನೋಡಬೇಕು ಅನಿಸುವಂಥವು. ಅವಳು ಆಗಾಗ ನೆಕ್ಕುತ್ತಲೂ ಇದ್ದಳು.

ಮಧ್ಯಾಹ್ನ ಕೂಸುಗಳು ಕೌದಿ ಹೊದ್ದು ಮಲಗಿದ್ದವು. ಕುಮುದಿನಿ ಟ್ರಂಕು ತೆಗೆದು, ಕತ್ತರಿಯಿಂದ ಮೂವತ್ತಮೂರು ಗುಂಡಿಗಳನ್ನೂ ಕತ್ತರಿಸಿ ಒಂದು ಡಬ್ಬಿಗೆ ಹಾಕಿದಳು. ಸ್ವೆಟರುಗಳ ಮುಂಭಾಗವನ್ನು ದಾರದಿಂದ ಗಟ್ಟಿಯಾಗಿ ಹೊಲಿದುಬಿಟ್ಟಳು. ಇನ್ನು ಗುಂಡಿ ಇಲ್ಲ, ಕಾಜು ಇಲ್ಲ. ತಲೆಯ ಮೇಲಿಂದ ಎಳೆದರೆ ಮುಗಿಯಿತು.

ಮರುದಿನ ಹಾಗೇ ಎಳೆದಳು. ಹನ್ನೊಂದು ತಲೆ, ಹನ್ನೊಂದು ಎಳೆತ. ದಾನಮ್ಮ ಬಾಯಿ ತೆಗೆಯುವಷ್ಟರಲ್ಲಿ ಸ್ವೆಟರ್ ಅವಳ ಮೈಮೇಲಿತ್ತು.

ಎಲ್ಲರೂ ಮರಳಿಗೆ ಬಂದಾಗ ಬಿಸಿಲು ಇನ್ನೂ ಬೇವಿನ ಮೇಲಿನ ಟೊಂಗೆಯಲ್ಲಿತ್ತು. ಕುಮುದಿನಿ ಓಡಿಹೋಗಿ ಆಯಿಯನ್ನು ಕೈ ಹಿಡಿದು ಕರೆತಂದಳು.

“ನೋಡ್ರಿ! ಬಿಸಿಲು ಎಲ್ಲಿ ಅದ ನೋಡ್ರಿ! ಹನ್ನೊಂದೂ ಮಂದಿ ಬಂದಾರ!”

ಕೂಸುಗಳು ನಿಂತಿದ್ದವು. ಬರೀ ನಿಂತಿದ್ದವು. ಮೌಲಾ ತನ್ನ ಎದೆ ನೋಡಿಕೊಂಡ, ಪಕ್ಕದವನ ಎದೆ ನೋಡಿದ.

“ಇದು ನಂದಲ್ಲ.”

“ಇದೂ ನಂದಲ್ಲ.”

“ನಂದೆಲ್ಲಿ?”

ಒಂದು ಅತ್ತಿತು. ಅದನ್ನು ನೋಡಿ ಇನ್ನೊಂದು ಅತ್ತಿತು. ಮರಳಿನ ಮೇಲೆ ಒಂದು ಹೆಜ್ಜೆಯೂ ಆಟದ ಹೆಜ್ಜೆಯಾಗಿರಲಿಲ್ಲ.

ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಹನ್ನೊಂದು ಸ್ವೆಟರ್ ಬಂದಾವ,” ಅಂದಳು. “ಕೂಸುಗಳನ್ನ ಎಲ್ಲಿ ಬಿಟ್ಟು ಬಂದಿ?”

ಕೋಲು ಊರುತ್ತ ಒಳಗೆ ಹೋದಳು.

ದಾನಮ್ಮ ಅಳುತ್ತಿರಲಿಲ್ಲ. ಸ್ವೆಟರಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಮೇಲಿಂದ ಕೆಳಗೆ. ಮತ್ತೆ ಮೇಲಿಂದ ಕೆಳಗೆ. ಆಮೇಲೆ ಬಂದು ಕುಮುದಿನಿಯ ಸೆರಗು ಜಗ್ಗಿದಳು.

“ಅಕ್ಕೋರ, ನಿನ್ನೆ ನಾ ಒಂದು ಹಾಕಿದ್ದೆ.”

“ಏನು?”

“ಗುಂಡಿ. ಕೆಳಗಿಂದು. ನೀವು ನೋಡಿರಲಿಲ್ಲ. ಇವತ್ತ ತೋರಸಬೇಕಂತ ಮಾಡಿದ್ದೆ.”

 

ಅವತ್ತು ಕುಮುದಿನಿ ಊಟ ಮಾಡಲಿಲ್ಲ ಅಂತ ರುಕ್ಕವ್ವ ಹೇಳುತ್ತಾಳೆ. ಸೂಜಿ ದಾರ ಹಿಡಿದು ಕೂತಳು. ಹೊಲಿಗೆ ಬಿಚ್ಚಿದ್ದಾಯಿತು. ಗುಂಡಿ ಹಚ್ಚಬೇಕು ಅನ್ನುವಾಗ ಕೈ ನಿಂತಿತು. ಯಾವ ಗುಂಡಿ ಯಾರದು? ಒಂದು ತಿಂಗಳು ದಿನಾ ಕಣ್ಣೆದುರು ಇದ್ದವು. ಒಂದನ್ನೂ ನೋಡಿರಲಿಲ್ಲ.

ಮಲಗಿದ್ದ ಕೂಸುಗಳು ಒಂದೊಂದಾಗಿ ಎದ್ದು ಬಂದು ಡಬ್ಬಿಯ ಸುತ್ತ ಕೂತವು. ಡಬ್ಬಿಗೆ ಕೈ ಹಾಕಿದವು.

“ಇದು ನಂದು.”

“ನಂದು ಇದು.”

ಒಂದೂ ತಪ್ಪಲಿಲ್ಲ. ಕುಮುದಿನಿಯೇ ಎರಡು ಸಲ ಹಸಿರಿನ ಜಾಗದಲ್ಲಿ ನೀಲಿ ಹಚ್ಚಿ ಬೈಸಿಕೊಂಡಳು. ಸೂಜಿ ಚುಚ್ಚಿತು. ಹನ್ನೊಂದು ಬಾಯಿ ಸೇರಿ ಅವಳ ಬೆರಳು ಊದಿದವು.

ಮರುದಿನ ಮುಂಜಾನೆ ಅವಳು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ತೊಟ್ಟವರು ತೊಟ್ಟ ಹಾಗೆ ಹೊರಗೆ ಓಡಿದರು. ಮರಳಿನ ಮೇಲೆ ಆಯಿ ಕೂತಿದ್ದಳು, ನೋಡಿಕೊಳ್ಳಲು.

ಒಳಗೆ ಉಳಿದವರು ಇಬ್ಬರೇ. ದಾನಮ್ಮ, ಕುಮುದಿನಿ.

ಕೆಳಗಿನ ಗುಂಡಿ ಕಾಜಿನೊಳಗೆ ಹೋಯಿತು.

“ನೋಡಿದ್ರಿ?”

“ನೋಡ್ದೆ.”

ಕಿಟಕಿಯಲ್ಲಿ ಬೇವಿನ ಗಿಡ ಕಾಣುತ್ತಿತ್ತು. ಬಿಸಿಲು ನಡುವಿನ ಟೊಂಗೆಗೆ ಇಳಿದಿತ್ತು. ಇನ್ನೂ ಹೊತ್ತಿದೆ. ಎರಡು ಗುಂಡಿ. ತಾನು ಹಾಕಿದರೆ ಎರಡು ಚಿಟಿಕೆ. ಹತ್ತು ಕೂಸು ಆಗಲೇ ಆಡುತ್ತಿವೆ. ಉಪದೇಶ ಅಲ್ಲೇ, ಆ ಬಾಗಿಲಾಚೆ ಇದೆ.

ಕುಮುದಿನಿಯ ಕೈ ತಾನಾಗಿ ಮೇಲೆದ್ದಿತು.

ಅವಳು ಆ ಕೈಯನ್ನು ತನ್ನ ಕಂಕುಳಲ್ಲಿ ಒತ್ತಿ ಹಿಡಿದಳು. ಇನ್ನೊಂದನ್ನೂ.

ಎರಡನೆಯ ಗುಂಡಿ ಜಾರಿತು. ಜಾರಿತು. ಹೋಯಿತು. ಮೂರನೆಯದಕ್ಕೆ ಕಾಜು ಸಿಗಲಿಲ್ಲ, ಅದರ ಕಾಜಿನಲ್ಲಿ ಎರಡನೆಯದೇ ಕೂತುಬಿಟ್ಟಿತ್ತು. ದಾನಮ್ಮ ಯೋಚಿಸಿ, ಮೂರನೆಯದನ್ನು ಕೊರಳಪಟ್ಟಿಯ ಒಂದು ಸಡಿಲ ಹೆಣಿಗೆಯೊಳಗೆ ತುರುಕಿದಳು. ಸ್ವೆಟರಿನ ಒಂದು ಮಗ್ಗುಲು ಕಿವಿಗೆ ಏರಿತು, ಇನ್ನೊಂದು ಮೊಣಕಾಲಿಗೆ ಇಳಿಯಿತು.

“ಆತು!”

ಸೊಟ್ಟಗಾಗಿದೆ ಅನ್ನುವ ಮಾತು ಕುಮುದಿನಿಯ ನಾಲಿಗೆಯ ತುದಿಗೆ ಬಂತು. ನುಂಗಿದಳು.

“ಆತು,” ಅಂದಳು.

ಏಳಬೇಕು ಅನ್ನುವಾಗ ದಾನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಅಕ್ಕೋರ, ನಿಮ್ಮ ಗುಂಡಿ ಬಿಚ್ಚೇ ಅದಾವಲ್ಲ. ಥಂಡಿ ಹತ್ತೂದಿಲ್ಲೇನು? ತಡೀರಿ, ನಾ ಹಾಕ್ತೀನಿ.”

ಕುಮುದಿನಿಯ ಸ್ವೆಟರಿಗೆ ಐದು ಗುಂಡಿ. ಕಿಟಕಿಯಾಚೆ ಬಿಸಿಲು ಬೊಡ್ಡೆಯ ಮೇಲೆ ಇಳಿಯುತ್ತಿತ್ತು.

ಅವಳು ಒಮ್ಮೆ ಕಿಟಕಿ ನೋಡಿದಳು. ಆಮೇಲೆ ನೆಲಕ್ಕೆ ಮೊಣಕಾಲೂರಿ, ಕೂಸಿನ ಎತ್ತರಕ್ಕೆ ಕೂತಳು.

“ಹಾಕವ್ವ.”

ಇಬ್ಬರೂ ಹೊರಗೆ ಬಂದಾಗ ಬಿಸಿಲು ಕಟ್ಟೆ ದಾಟಿ, ಮರಳು ದಾಟಿ, ಹೊಳೆಯ ನೀರಿಗೆ ಇಳಿದಿತ್ತು. ದಾನಮ್ಮ ಕೂಗುತ್ತ ಓಡಿ ಆಟಕ್ಕೆ ಸೇರಿಕೊಂಡಳು. ಈಗ ಹನ್ನೊಂದೂ ಆಡುತ್ತಿದ್ದವು.

ಕುಮುದಿನಿ ಆಯಿಯ ಮುಂದೆ ಹೋಗಿ ಕೈ ಮುಗಿದು ನಿಂತಳು. ಮೈಮೇಲಿನ ಸ್ವೆಟರು ಸೊಟ್ಟ, ಒಂದು ಗುಂಡಿ ಗದ್ದದ ಕೆಳಗೆ ಅನಾಥವಾಗಿ ನೇತಾಡುತ್ತಿತ್ತು. ಅದನ್ನು ಸರಿಮಾಡಿಕೊಂಡಿರಲಿಲ್ಲ.

“ಇವತ್ತೂ ತಡ ಆತ್ರಿ ಆಯಿ. ಉಪದೇಶ ಕೇಳಾಕ ಬಂದಿಲ್ಲ. ತಡ ಆತು ಅಂತ ಹೇಳಾಕ ಬಂದೆ.”

ಆಯಿ ಆ ಸ್ವೆಟರನ್ನು ಗುಂಡಿ ಗುಂಡಿಯಾಗಿ ನೋಡಿದಳು, ಕೆಳಗಿನಿಂದ ಮೇಲಿನವರೆಗೆ. ರುಕ್ಕವ್ವ ಕೊಡ ತುಂಬುವ ನೆವದಲ್ಲಿ ಅಲ್ಲೇ ನಿಂತಿದ್ದಳು, ಅದಕ್ಕೇ ಈ ಮಾತು ಇಲ್ಲಿವರೆಗೆ ಬಂತು.

ಮಗ್ಗುಲ ಖೋಲಿಯ ಆ ನೆರೆಯವಳು, ಆಯಿ, ಕುಮುದಿನಿಯ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

“ನೀ ವ್ಯಾಳ್ಯಾಕ್ಕ ಬಂದೀಯವ್ವ. ಬಿಸಿಲೇ ಇವತ್ತ ಅವಸರ ಮಾಡ್ತು.”